ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದ ಫೈನಲ್

ಬಾಣಂತಿ ಮನೆ ಬಿಟ್ಟು ಹೊರಗೆ ಹೋಗಬಾರದು, ಹೋದರೂ ಕಿವಿಗೆ ಹತ್ತಿ ಇಲ್ಲದೆ ಹೋಗಬಾರದು. ಇದು ನಮ್ಮಮ್ಮನ ಕಾನೂನು. 2024ರ ಮಾರ್ಚ್ 10ರ ಭಾನುವಾರ ನಾನು ಈ ಕಾನೂನಿನ ಮೊದಲ ಭಾಗ ಮುರಿದೆ, ಎರಡನೇ ಭಾಗ ಪಾಲಿಸಿದೆ. ಎರಡೂ ಕಿವಿಗೆ ಹತ್ತಿ, ಅದರ ಮೇಲೆ ಸ್ಕಾರ್ಫ್, ಅದರ ಮೇಲೆ ಉಣ್ಣೆ ಟೋಪಿ. ಇಷ್ಟೆಲ್ಲ ಸುತ್ತಿಕೊಂಡು ಹೊರಟಿದ್ದು ಎಲ್ಲಿಗೆ ಅಂದರೆ ಮಿನಿಯಾಪೊಲಿಸ್‌ನ ಟಾರ್ಗೆಟ್ ಸೆಂಟರಿಗೆ, ಕಾಲೇಜು ಹುಡುಗಿಯರ ಬಿಗ್ ಟೆನ್ ಬಾಸ್ಕೆಟ್‌ಬಾಲ್ ಟೂರ್ನಿಯ ಫೈನಲ್ ನೋಡಲು, 18 ಸಾವಿರಕ್ಕಿಂತ ಜಾಸ್ತಿ ಜನ ಒಟ್ಟಿಗೆ ಕಿರುಚುವ ಜಾಗಕ್ಕೆ. ಒಂದು ಲೆಕ್ಕದಲ್ಲಿ ಹತ್ತಿ ಇದ್ದಿದ್ದು ಒಳ್ಳೇದೇ ಆಯಿತು.

ಮಗು ಹುಟ್ಟಿ ಆಗ ಮೂರು ತಿಂಗಳು. ಬಾಣಂತನಕ್ಕೆ ಅಂತ ಅಮ್ಮ ಹಾಸನದಿಂದ ಬಂದು ನಾಲ್ಕು ತಿಂಗಳಾಗಿತ್ತು. ಇಲ್ಲಿ ಚಳಿಗಾಲ ಅಂದರೆ ಜೈಲು ಇದ್ದ ಹಾಗೆ ಅಂತ ಹೆದರಿಸಿ ಕರೆಸಿದ್ದೆ. ಆ ವರ್ಷ ನೋಡಿದರೆ ಹಿಮವೇ ಸರಿಯಾಗಿ ಬೀಳಲಿಲ್ಲ, ಇಂಥ ಬೆಚ್ಚಗಿನ ಚಳಿಗಾಲ ನಾವು ಕಂಡೇ ಇಲ್ಲ ಅಂತ ಊರಿನವರೆಲ್ಲ ಹೇಳುತ್ತಿದ್ದರು. ಅಮ್ಮನಿಗೆ ಮಾತ್ರ ಅದೂ ಹಿಮಾಲಯವೇ. ಹೀಗಿರುವಾಗ ಶನಿವಾರ ರಾತ್ರಿ ಆಫೀಸಿನ ಗೆಳತಿ ಫೋನ್ ಮಾಡಿದಳು. ಮನೆಯಲ್ಲಿ ಎಲ್ಲರಿಗೂ ಜ್ವರ, ನಾಳೆಯ ಫೈನಲ್‌ಗೆ ಎರಡು ಟಿಕೆಟ್ ಇದೆ, ಬೇಕಾ ಅಂದಳು. ಬೇಕಾ ಅಂತೆ! ಟೂರ್ನಿ ಶುರುವಾಗುವ ಎರಡು ವಾರ ಮೊದಲೇ ಅದರ ಟಿಕೆಟ್ ಪೂರ್ತಿ ಖಾಲಿಯಾಗಿತ್ತು. ಆ ಟೂರ್ನಿಗೆ ಹಾಗೆ ಆಗಿದ್ದು ಅದೇ ಮೊದಲು. ಮರುಮಾರಾಟದ ರೇಟು ನೋಡಿ ನನ್ನ ಗಂಡ "ಇದರಲ್ಲಿ ಆರು ತಿಂಗಳ ಡೈಪರ್ ಬರುತ್ತೆ" ಅಂತ ಅಂದಿದ್ದ, ನಾನೂ ಆಸೆ ಬಿಟ್ಟಿದ್ದೆ.

ಮಗೂನ ಅವನು ನೋಡಿಕೊಳ್ಳುತ್ತೇನೆ ಅಂದ, ಬಾಟಲಿಯಲ್ಲಿ ಹಾಲು ತೆಗೆದಿಟ್ಟೆ. ಅಮ್ಮ ಬೇಡ ಅನ್ನುತ್ತಾಳೆ ಅಂತ ಜಗಳಕ್ಕೆ ತಯಾರಾಗಿ ನಿಂತಿದ್ದರೆ ಅವಳು ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಿನ್ನೊಬ್ಬಳನ್ನೇ ಕಳಿಸಲ್ಲ ಕಣೇ, ನಾನೂ ಬರ್ತೀನಿ." ಅವತ್ತೇ ಈ ದೇಶದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕುವ ದಿನ. ಹನ್ನೊಂದಕ್ಕೆ ಮ್ಯಾಚ್ ಅಂದರೆ ದೇಹದ ಲೆಕ್ಕದಲ್ಲಿ ಹತ್ತು. ಸರ್ಕಾರ ಹೇಳಿತು ಅಂತ ಟೈಮ್ ಬದಲಾಗುತ್ತಾ ಅಂತ ಅಮ್ಮ ರೈಲಿನಲ್ಲಿ ಮೂರು ಸಲ ಕೇಳಿದಳು. ಒಳಗೆ ಬ್ಯಾಗ್ ಬಿಡೋದಿಲ್ಲ ಅಂದಿದ್ದಕ್ಕೆ ಅಂಟಿನುಂಡೆಗಳನ್ನು ಪೇಪರ್‌ನಲ್ಲಿ ಸುತ್ತಿ ಸ್ವೆಟರ್ ಜೇಬಿಗೆ ತುಂಬಿಕೊಂಡಿದ್ದಳು. ಬಾಣಂತಿ ಹಸಿದುಕೊಂಡು ಇರಬಾರದಂತೆ.

ಈ ಬಿಗ್ ಟೆನ್ ಅನ್ನೋದು ಏನು ಅಂತ ಅಮ್ಮನಿಗೆ ರೈಲಿನಲ್ಲೇ ಹೇಳಲು ನೋಡಿದೆ. ಅಮೆರಿಕದ ಕಾಲೇಜುಗಳು ಆಟಕ್ಕೆ ಅಂತ ಗುಂಪು ಕಟ್ಟಿಕೊಂಡಿವೆ, ಒಂದೊಂದು ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ನಮ್ಮ ವಿಟಿಯುನಲ್ಲಿ ಝೋನ್ ಇದ್ದ ಹಾಗೆ ಅನ್ನಬಹುದು, ಆದರೆ ಇಲ್ಲಿ ಅದರ ಹಿಂದೆ ಟಿವಿ ದುಡ್ಡು, ನೂರು ವರ್ಷದ ಹಗೆ ಎಲ್ಲ ಇದೆ. ಚಳಿಗಾಲ ಪೂರ್ತಿ ಗುಂಪಿನೊಳಗೆ ಲೀಗ್ ಆಡುತ್ತಾರೆ. ಮಾರ್ಚ್ ಬಂತು ಅಂದರೆ ತಂಡಗಳು ಒಂದೇ ಊರಿಗೆ ಬಂದು ಐದು ದಿನ ಸೋತವರು ಮನೆಗೆ ಅನ್ನೋ ಲೆಕ್ಕದಲ್ಲಿ ಆಡುತ್ತಾರೆ. ಕಪ್ ಗೆದ್ದವರಿಗೆ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಿಗೆ ನೇರ ಪ್ರವೇಶ. ಆ ವರ್ಷ ಅಲ್ಲಿ ಒಟ್ಟು 68 ತಂಡ, ಅದರಲ್ಲಿ 32 ಇಂಥ ಕಾನ್ಫರೆನ್ಸ್ ಗೆದ್ದು ಬಂದವು, ಉಳಿದ 36ನ್ನು ಒಂದು ಸಮಿತಿ ಕೂತು ಆರಿಸಿತು.

"ಹತ್ತು ಕಾಲೇಜಾ?" ಅಂದಳು ಅಮ್ಮ. ಹೆಸರು ಟೆನ್, ಆದರೆ ಹದಿನಾಲ್ಕು ಅಂದೆ. ಅಮ್ಮ ಕಿಟಕಿ ಕಡೆ ತಿರುಗಿದಳು. (ಈಗ ಹದಿನೆಂಟಾಗಿದೆ. ಅವಳಿಗೆ ಹೇಳಿಲ್ಲ.)

ಒಂದು ತಮಾಷೆ ಏನಂದರೆ ಬಿಗ್ ಟೆನ್‌ನಂಥ ದೊಡ್ಡ ಗುಂಪಿನ ಒಳ್ಳೆಯ ತಂಡಗಳಿಗೆ ಈ ಟೂರ್ನಿ ಗೆಲ್ಲಲೇಬೇಕು ಅಂತೇನಿಲ್ಲ. ಸೋತರೂ ಸಮಿತಿ ಅವರನ್ನು ಕರೆದೇ ಕರೆಯುತ್ತದೆ. ಹೆಚ್ಚೆಂದರೆ ರ‍್ಯಾಂಕಿಂಗ್ ಸ್ವಲ್ಪ ಮೇಲೆ ಕೆಳಗೆ ಆಗಬಹುದು. ಮೊದಲ 16 ಸ್ಥಾನದಲ್ಲಿ ಇರುವವರಿಗೆ ರಾಷ್ಟ್ರೀಯ ಟೂರ್ನಿಯ ಮೊದಲ ಎರಡು ಸುತ್ತು ತಮ್ಮ ಅಂಗಳದಲ್ಲೇ ಆಡುವ ಅವಕಾಶ ಸಿಗುತ್ತದೆ, ಅಷ್ಟು ಲಾಭ. ನಿಜವಾದ ಜೀವ ಹೋಗುವ ಆಟ ಇರೋದು ಚಿಕ್ಕ ಕಾನ್ಫರೆನ್ಸ್‌ಗಳಲ್ಲಿ. ಅಲ್ಲಿ ಸಾಮಾನ್ಯವಾಗಿ ಒಂದೇ ತಂಡಕ್ಕೆ ದಾರಿ. ಲೀಗ್‌ನಲ್ಲಿ ಒಂದೂ ಸೋಲದೆ ಬಂದವಳು ಮಾರ್ಚ್‌ನ ಒಂದು ಮಧ್ಯಾಹ್ನ ಶೂಟಿಂಗ್ ಕೈಕೊಟ್ಟರೆ ಮನೆಗೆ ಹೋಗುತ್ತಾಳೆ, ನಾಲ್ಕನೇ ವರ್ಷದವಳಾದರೆ ಅಲ್ಲಿಗೆ ಅವಳ ಬಾಸ್ಕೆಟ್‌ಬಾಲೇ ಮುಗಿಯಿತು. ಅಂಥ ಮ್ಯಾಚ್‌ಗಳನ್ನು ನಾನು ರಾತ್ರಿ ಮಗುವಿಗೆ ಹಾಲು ಕೊಡುತ್ತಾ ಫೋನಿನಲ್ಲಿ ನೋಡುತ್ತಿದ್ದೆ. ಅರ್ಧ ಖಾಲಿ ಕುರ್ಚಿ, ಅಳುವ ಹುಡುಗಿಯರು. ಸುಮ್ನೆ ಹೇಳುತ್ತಿಲ್ಲ, ಗೆದ್ದವರನ್ನು ನೋಡಿದರೆ ಜಾಸ್ತಿ ಅಳು ಬರುತ್ತಿತ್ತು. ಹಾರ್ಮೋನ್ ಇರಬಹುದು.

ಹಾಗಾದರೆ ಈ ದೊಡ್ಡ ಗುಂಪಿನ ಟೂರ್ನಿಗೆ ಇಷ್ಟು ಜನ ಯಾಕೆ? ಎಲ್ಲರೂ ಹೇಳುವ ಉತ್ತರ ಒಂದೇ ಹೆಸರು, ಕೇಟ್ಲಿನ್ ಕ್ಲಾರ್ಕ್. ಅಯೋವಾ ತಂಡದ ಹುಡುಗಿ, ಅದೇ ರಾಜ್ಯದ ವೆಸ್ಟ್ ಡಿಮೋಯ್ನ್ ಊರಿನವಳು. ಅರ್ಧ ಕೋರ್ಟ್ ಹತ್ತಿರದಿಂದಲೇ ಎಸೆದು ಮೂರು ಪಾಯಿಂಟ್ ತೆಗೆಯುವವಳು. ಒಂದು ವಾರ ಮುಂಚೆ, ಮಾರ್ಚ್ 3ಕ್ಕೆ, ಪೀಟ್ ಮಾರಾವಿಚ್ ಅನ್ನೋ ಆಟಗಾರ 1970ರಲ್ಲಿ ನಿಲ್ಲಿಸಿ ಹೋಗಿದ್ದ, ಇಡೀ ಕಾಲೇಜು ಆಟದ 3,667 ಪಾಯಿಂಟಿನ ದಾಖಲೆ ದಾಟಿದ್ದಳು, ಗಂಡು ಹೆಣ್ಣು ಎರಡೂ ಸೇರಿಸಿದ ದಾಖಲೆ. ಈ ವರ್ಷ ಮುಗಿಸಿ ಹೆಂಗಸರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಗೆ ಹೋಗುತ್ತೇನೆ ಅಂತ ಆಗಲೇ ಹೇಳಿಯೂ ಆಗಿತ್ತು. ಕೊನೆಯ ಸಲ ಅಂತ ಜನ ಮುಗಿಬಿದ್ದಿದ್ದು ನಿಜ. ಐದು ದಿನಕ್ಕೆ ಒಟ್ಟು 1,09,165 ಜನ ಬಂದರು. ಹಿಂದಿನ ವರ್ಷ ಇದೇ ಸ್ಟೇಡಿಯಂಗೆ ಬಂದವರು ಅದರ ಅರ್ಧಕ್ಕಿಂತ ಕಡಿಮೆ.

ಆದರೆ ಬರೀ ಕ್ಲಾರ್ಕ್ ಅಂತ ಹೇಳಿ ಸುಮ್ಮನಾಗೋಕೆ ನನಗೆ ಮನಸ್ಸಿಲ್ಲ. ಯಾಕೆ ಅಂದರೆ ಒಳಗೆ ಹೋಗಿ ಕೂತ ಮೇಲೆ ಅಮ್ಮ ಸುತ್ತ ನೋಡಿ ಕೇಳಿದ ಮೊದಲ ಪ್ರಶ್ನೆ ಇದು: "ಏನೇ ಇದು, ಇಷ್ಟೊಂದು ಅಜ್ಜಿಯರು ಬಂದಿದ್ದಾರೆ?"

ಹೌದು. ಅಯೋವಾದ ಕಪ್ಪು ಹಳದಿ ಬಟ್ಟೆಯ ಅಜ್ಜಿಯರು, ಸಾಲು ಸಾಲು. ಅಯೋವಾ ಸಿಟಿಯಿಂದ ಇಲ್ಲಿಗೆ ಕಾರಿನಲ್ಲಿ ಐದು ಗಂಟೆ. ಕೆಲವರ ಜೊತೆ ಮೊಮ್ಮಕ್ಕಳಿದ್ದರು, ಎಷ್ಟೋ ಜನ ಗೆಳತಿಯರೇ ಸೇರಿ ಬಂದಿದ್ದರು. ಎದುರಾಳಿ ತಂಡದ ಕಡೆಯ, ಕೆಂಪು ಬಟ್ಟೆಯ ನೆಬ್ರಾಸ್ಕಾದವರು ಅಲ್ಲಲ್ಲಿ ಚದುರಿದ್ದರು, ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಕಡಿಮೆ ಬಂದ ಹಾಗೆ.

ಅಮ್ಮನ ಪಕ್ಕದ ಸೀಟಿನಲ್ಲಿ ಅಂಥದೇ ಒಬ್ಬರು ಅಜ್ಜಿ. ವಯಸ್ಸು ಎಪ್ಪತ್ತು ದಾಟಿತ್ತು. ಕೂತ ಕೂಡಲೇ ಪಾಪ್‌ಕಾರ್ನ್ ಡಬ್ಬ ನಮ್ಮ ಕಡೆ ಚಾಚಿದರು. ನನ್ನ ಕೈ ಅರ್ಧ ದಾರಿಯಲ್ಲಿರುವಾಗಲೇ ಅಮ್ಮ ಹಿಡಿದಳು. "ಜೋಳ ವಾಯು." ಇದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಮಗು ಆಗಿ ಮೂರು ತಿಂಗಳು, ಪಥ್ಯ ಅಂದೆ. ಅಜ್ಜಿ ನನ್ನ ಟೋಪಿ, ಸ್ಕಾರ್ಫ್, ಅದರ ಕೆಳಗಿನ ಹತ್ತಿ ಎಲ್ಲ ನೋಡಿ ತಲೆಯಾಡಿಸಿದರು. ಆಮೇಲೆ ನೀನು ಆಡಿದ್ದೀಯಾ ಅಂತ ಕೇಳಿದರು. ಕಾಲೇಜಿನಲ್ಲಿ ಆಡಿದ್ದೆ ಅಂದೆ. ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥ ಆಗುತ್ತೆ ಅನ್ನೋದು ನನಗೆ ಆ ಕ್ಷಣ ಮರೆತುಹೋಗಿತ್ತು.

ನೀವು? ಅಂತ ನಾನು ತಿರುಗಿ ಕೇಳಿದೆ. ಆಡಿದ್ದೆ, ನಾಲ್ಕು ವರ್ಷ ಹೈಸ್ಕೂಲ್ ತಂಡದಲ್ಲಿದ್ದೆ, ಮ್ಯಾಚ್‌ನಲ್ಲಿ ಒಂದು ಸಲವೂ ಬುಟ್ಟಿಗೆ ಚೆಂಡು ಎಸೆದಿಲ್ಲ ಅಂದರು. ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ.

ಅಯೋವಾದಲ್ಲಿ ಹುಡುಗಿಯರಿಗೆ ಅಂತಲೇ ಬೇರೆ ಬಾಸ್ಕೆಟ್‌ಬಾಲ್ ಇತ್ತು. ಒಂದು ಕಡೆಗೆ ಐದಲ್ಲ, ಆರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಕೋರ್ಟಿನ ನಡುವಿನ ಗೆರೆ ಯಾರೂ ದಾಟುವ ಹಾಗಿಲ್ಲ. ಫಾರ್ವರ್ಡ್‌ಗಳು ಈ ಅರ್ಧದಲ್ಲಿ ಬುಟ್ಟಿಗೆ ಎಸೆಯಬೇಕು, ಗಾರ್ಡ್‌ಗಳು ಆ ಅರ್ಧದಲ್ಲಿ ತಡೆಯಬೇಕು, ಅಷ್ಟೇ. ಚೆಂಡನ್ನು ಎರಡೇ ಸಲ ನೆಲಕ್ಕೆ ಬಡಿಯಬಹುದು. ಹೆಣ್ಣುಮಕ್ಕಳ ಮೈ ನಾಜೂಕು, ಇಡೀ ಅಂಗಳ ಓಡಿದರೆ ತಡೆಯಲ್ಲ ಅನ್ನೋ ನಂಬಿಕೆಯ ಕಾಲದ ನಿಯಮ. ನಮ್ಮ ಹತ್ತಿ ಸ್ಕಾರ್ಫಿನ ಅಕ್ಕನೋ ತಂಗಿಯೋ ಅನ್ನಿ. ನಮ್ಮ ಪಕ್ಕದ ಸೀಟಿನ ಅಜ್ಜಿ ಗಾರ್ಡ್ ಆಗಿದ್ದರು. ಹಾಗಾಗಿ ಬುಟ್ಟಿ ಇರುವ ಕಡೆಗೆ ಮುಖ ಮಾಡಿ ಆಡಿಯೇ ಇಲ್ಲ.

ಆದರೆ ಆ ನಾಜೂಕು ಆಟವನ್ನು ನೋಡಲು ಇಡೀ ರಾಜ್ಯ ಬರುತ್ತಿತ್ತು! 1920ರಿಂದಲೇ ರಾಜ್ಯ ಟೂರ್ನಿ. ಕೆಲವೇ ನೂರು ಜನರ ಊರುಗಳು ಅಂಗಡಿ ಬಾಗಿಲು ಹಾಕಿ ರಾಜಧಾನಿ ಡಿಮೋಯ್ನ್‌ಗೆ ಹೊರಡುತ್ತಿದ್ದವು. 1968ರ ಫೈನಲ್‌ನಲ್ಲಿ ಯೂನಿಯನ್-ವಿಟನ್ ಅನ್ನೋ ಶಾಲೆಯ ಡೆನಿಸ್ ಲಾಂಗ್ 64 ಪಾಯಿಂಟ್ ಹೊಡೆದಳು, ಎದುರಾಳಿ ಎವರ್ಲಿ ಶಾಲೆಯ ಜನೆಟ್ ಓಲ್ಸನ್ 76 ಹೊಡೆದೂ ಸೋತಳು. 113-107, ಅದೂ ಓವರ್‌ಟೈಮ್‌ನಲ್ಲಿ. ಮರುವರ್ಷ ಗಂಡಸರ ವೃತ್ತಿಪರ ಲೀಗ್ ಎನ್‌ಬಿಎಯ ತಂಡ ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್ ಡೆನಿಸ್ ಲಾಂಗ್ ಹೆಸರನ್ನು ತನ್ನ ಆಯ್ಕೆ ಪಟ್ಟಿಯಲ್ಲಿ ಕೂಗಿತು. ಲೀಗ್‌ನವರು ಅದನ್ನು ರದ್ದು ಮಾಡಿದರು, ಅದು ಬೇರೆ ವಿಷಯ. ಆ ಫೈನಲ್ ನೋಡಲು ನಾನೂ ಹೋಗಿದ್ದೆ ಅಂದರು ಅಜ್ಜಿ, ಇಬ್ಬರೂ ಫಾರ್ವರ್ಡ್‌ಗಳ ಹೆಸರು ಎಲ್ಲರಿಗೂ ನೆನಪಿದೆ, ಗಾರ್ಡ್‌ಗಳ ಹೆಸರು ಯಾರಿಗೂ ನೆನಪಿಲ್ಲ ಅಂತಲೂ ಸೇರಿಸಿದರು.

ಆರು ಜನರ ಆಟ 1993ಕ್ಕೆ ನಿಂತಿತು. ಕಾಲೇಜುಗಳಲ್ಲಿ ಐದು ಜನರ ಆಟ, ಅರ್ಧ ಆಟ ಮಾತ್ರ ಕಲಿತವರಿಗೆ ಅಲ್ಲಿ ಸ್ಕಾಲರ್‌ಶಿಪ್ ಸಿಗೋದು ಕಷ್ಟ ಆಗಿತ್ತು, ನಿಲ್ಲಿಸಿದ್ದು ಸರಿಯೇ. ಆದರೆ ನೋಡುವ ಅಭ್ಯಾಸ ಉಳಿಯಿತು. ಅವತ್ತು ಅಯೋವಾ ಬೆಂಚಿನಲ್ಲಿ ಕೋಚ್ ಆಗಿದ್ದ ಲೀಸಾ ಬ್ಲೂಡರ್ ಆರು ಜನರ ಆಟ ಆಡಿ ಬೆಳೆದವರು. ಅವರ ಪಕ್ಕ ಕೂತಿದ್ದ ಸಹಾಯಕಿ ಜ್ಯಾನ್ ಜೆನ್ಸನ್ ಹೈಸ್ಕೂಲಿನ ಕೊನೆಯ ವರ್ಷ ಆ ಆಟದಲ್ಲಿ ಮ್ಯಾಚ್‌ಗೆ ಸರಾಸರಿ 66 ಪಾಯಿಂಟ್ ಹೊಡೆದವರು, ಈಗ ಅವರೇ ಮುಖ್ಯ ಕೋಚ್. ಕ್ಲಾರ್ಕ್ ಹುಟ್ಟುವ ಎಷ್ಟೋ ಮುಂಚೆ, 1985ರ ಫೆಬ್ರುವರಿಯಲ್ಲಿ, ಅಯೋವಾ ಹುಡುಗಿಯರು ಓಹಾಯೊ ಸ್ಟೇಟ್ ವಿರುದ್ಧ ಆಡುವಾಗ 22,157 ಜನ ಬಂದಿದ್ದರು. ಆ ಸ್ಟೇಡಿಯಂ ಹಿಡಿಸುವುದು ಸುಮಾರು ಹದಿನೈದು ಸಾವಿರ. ಕೋಚ್ ವಿವಿಯನ್ ಸ್ಟ್ರಿಂಗರ್ ಅವರ ತಂಡ ಅದು. ಅಂದರೆ ಈ ಜನ ಹೊಸದಾಗಿ ಹುಟ್ಟಿದವರಲ್ಲ. ಅಮ್ಮ ಆಡಿದ್ದನ್ನು ಮಗಳು ನೋಡಿ, ಮಗಳು ಆಡಿದ್ದನ್ನು ಅಮ್ಮ ನೋಡಿ, ಹಾಗೆ ತಲೆಮಾರು ಕಳೆದು ಕೂತಿದ್ದ ಮಂದಿ. ಕ್ಲಾರ್ಕ್ ಆ ಒಲೆ ಊದಿದಳು, ಕೆಂಡ ಮೊದಲೇ ಇತ್ತು.

ಉಳಿದ ಕಡೆ ಹೀಗಿರಲಿಲ್ಲ ಅನ್ನೋದನ್ನೂ ಹೇಳಬೇಕು. 2021ರಲ್ಲಿ ಇದೇ ದೇಶದ ರಾಷ್ಟ್ರೀಯ ಟೂರ್ನಿಯಲ್ಲಿ ಹುಡುಗರಿಗೆ ದೊಡ್ಡ ಜಿಮ್, ಹುಡುಗಿಯರಿಗೆ ಒಂದು ಸ್ಟ್ಯಾಂಡ್ ತುಂಬ ಡಂಬಲ್ ಕೊಟ್ಟಿದ್ದನ್ನು ಒಬ್ಬ ಆಟಗಾರ್ತಿ ವಿಡಿಯೊ ಮಾಡಿ ಹಾಕಿ ಊರೆಲ್ಲ ಗಲಾಟೆ ಆಯಿತು. ಹುಡುಗರ ಟೂರ್ನಿಗಿದ್ದ ಮಾರ್ಚ್ ಮ್ಯಾಡ್‌ನೆಸ್ ಅನ್ನೋ ಹೆಸರನ್ನೇ ಹುಡುಗಿಯರ ಟೂರ್ನಿಗೆ ಕೊಟ್ಟಿದ್ದು 2022ರಿಂದ. ಅದರಲ್ಲಿ ಆಡಿದ್ದಕ್ಕೆ ಕಾನ್ಫರೆನ್ಸಿಗೆ ಹಣ ಕೊಡಲು ಶುರು ಮಾಡಿದ್ದು 2025ರ ಟೂರ್ನಿಯಿಂದ, ಹುಡುಗರದಕ್ಕೆ ದಶಕಗಳಿಂದ ಕೊಡುತ್ತಿದ್ದರು.

ಮ್ಯಾಚ್‌ಗೆ ಬರೋಣ. ಮೊದಲಾರ್ಧದಲ್ಲಿ ಕ್ಲಾರ್ಕ್ ನಾಲ್ಕೇ ಪಾಯಿಂಟ್. ನಾಲ್ಕು! ಎಸೆದದ್ದೆಲ್ಲ ರಿಮ್‌ಗೆ ಬಡಿದು ವಾಪಸ್. ನೆಬ್ರಾಸ್ಕಾದವರಿಗೆ ಅದು ನಾಲ್ಕು ದಿನದಲ್ಲಿ ನಾಲ್ಕನೇ ಮ್ಯಾಚ್. ಲೀಗ್‌ನಲ್ಲಿ ಮೊದಲ ನಾಲ್ಕರಲ್ಲಿ ಬಂದವರು ಶುಕ್ರವಾರ ಆಡಲು ಇಳಿದರೆ ಸಾಕು, ನೆಬ್ರಾಸ್ಕಾ ಐದನೆಯದು, ಗುರುವಾರದಿಂದಲೇ ಆಡುತ್ತಾ ಬಂದಿತ್ತು. ಆದರೂ ಆಸ್ಟ್ರೇಲಿಯಾದಿಂದ ಬಂದ ಜಾಜ್ ಶೆಲ್ಲಿ ಅನ್ನೋ ಹುಡುಗಿ ದಣಿವು ಅಂದರೆ ಏನು ಅಂತ ಗೊತ್ತಿಲ್ಲದವಳ ಹಾಗೆ ಆಡುತ್ತಿದ್ದಳು. ಅರ್ಧ ಮುಗಿದಾಗ ನೆಬ್ರಾಸ್ಕಾ 11 ಪಾಯಿಂಟ್ ಮುಂದೆ. ಸ್ಟೇಡಿಯಂ ಸಾವಿನ ಮನೆ ಥರ ಆಗಿತ್ತು. "ಆ 22ನೇ ನಂಬರ್ ಹುಡುಗಿ ಸರಿಯಾಗಿ ತಿಂದಿಲ್ಲ" ಅಂದಳು ಅಮ್ಮ, ಅಂಟಿನುಂಡೆ ನನ್ನ ಕೈಗೆ ತುರುಕುತ್ತಾ.

ವಿರಾಮದಲ್ಲಿ ನನ್ನ ತಲೆ ಹಾಸನಕ್ಕೆ ಹೋಗಿತ್ತು. 2010. ಇಂಜಿನಿಯರಿಂಗ್ ಎರಡನೇ ವರ್ಷ. ನಮ್ಮ ಕಾಲೇಜು ಹುಡುಗಿಯರ ತಂಡದಲ್ಲಿ ಒಟ್ಟು ಏಳು ಜನ, ಅದರಲ್ಲಿ ಇಬ್ಬರು ಲೆಕ್ಕಕ್ಕೆ. ಜೆರ್ಸಿ ಹುಡುಗರದ್ದು, ತೋಳಿನ ಹತ್ತಿರ ಪಿನ್ನು ಹಾಕಿಕೊಂಡು ಆಡುತ್ತಿದ್ದೆವು. ಮೈಸೂರಿನಲ್ಲಿ ಇಂಟರ್ ಕಾಲೇಜಿಯೇಟ್ ಟೂರ್ನಿ ಇದ್ದರೆ ಬೆಳಗಿನ ಜಾವದ ಕೆಂಪು ಬಸ್ಸು ಹಿಡಿದು ಹೋಗಿ, ಆಡಿ, ರಾತ್ರಿ ವಾಪಸ್. ಸಂಜೆಯ ತಂಪು ಹೊತ್ತು ಹುಡುಗರ ಮ್ಯಾಚ್‌ಗೆ, ನಮ್ಮದು ಯಾವಾಗಲೂ ನಡುಹಗಲ ಬಿಸಿಲಿಗೆ. ಸಿಮೆಂಟ್ ಕೋರ್ಟು, ಅದರ ಮೇಲೆ ಸಣ್ಣ ಮರಳು. ನೋಡಲು ಯಾರು? ಸ್ಕೋರ್ ಬರೆಯುವವನು, ನಮ್ಮ ಪಿಡಿ ಸರ್, ನೆರಳಲ್ಲಿ ಮಲಗಿದ್ದ ಎರಡು ನಾಯಿ. ಮನೆಯಲ್ಲಿ ಹೇಳುತ್ತಿರಲಿಲ್ಲ. ಚಡ್ಡಿ ಹಾಕಿಕೊಂಡು ಆಡೋದು ಅಪ್ಪನಿಗೆ ಇಷ್ಟ ಇಲ್ಲ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ, ಕೇಳಿರಲಿಲ್ಲ. ಲ್ಯಾಬ್ ಇದೆ ಅನ್ನುತ್ತಿದ್ದೆ.

ನೋಡೋಕೆ ಯಾರೂ ಬರಲಿಲ್ಲ ಅಂತ ಹೇಳಿಕೊಳ್ಳುವ ಹಕ್ಕು ನನಗೆ ಇದೆಯಾ ಅಂತ ಆಮೇಲೆ ಅನ್ನಿಸಿದ್ದಿದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಎ ಡಿವಿಷನ್‌ಗೆ ಹೋಯಿತು. ಎರಡೇ ಪಾಯಿಂಟ್! ನಾನು ಆಗ ಬೆಂಗಳೂರಲ್ಲೇ ಇದ್ದೆ. ಬಸ್ ಹತ್ತಿದ್ದರೆ ಮುಕ್ಕಾಲು ಗಂಟೆ. ಮರುದಿನ ಪೇಪರಿನಲ್ಲಿ ಓದಿದೆ, ಛೆ ಅಂದೆ, ಕಾಫಿ ಕುಡಿದೆ. ಒಂದು ಕಾಲದಲ್ಲಿ ಜೆರ್ಸಿಗೆ ಪಿನ್ನು ಚುಚ್ಚಿಕೊಂಡು ಆಡಿದವಳೇ ಹೋಗದಿದ್ದರೆ ಇನ್ಯಾರು ಹೋಗಬೇಕಿತ್ತು?

ಎರಡನೇ ಅರ್ಧದಲ್ಲಿ 22ನೇ ನಂಬರ್ ಹುಡುಗಿಗೆ ಯಾರೋ ಊಟ ಹಾಕಿದ ಹಾಗೆ ಆಯಿತು. ಮೊದಲು ಫ್ರೀ ಥ್ರೋ, ಆಮೇಲೆ ಒಳಗೆ ನುಗ್ಗಿ ಒಂದು, ಆಮೇಲೆ ಮೂರರ ಗೆರೆಯಾಚೆಯಿಂದ. ಒಂದು ಬಿದ್ದಿದ್ದೇ ತಡ, ಹದಿನೆಂಟು ಸಾವಿರ ಜನ ಎದ್ದು ನಿಂತರು, ಅಮ್ಮನಿಗೆ ಏನೂ ಕಾಣದೆ ಅವಳೂ ನಿಂತಳು. ಹ್ಯಾನಾ ಸ್ಟೂಲ್ಕಿ ಬುಟ್ಟಿಯ ಕೆಳಗೆ ಕಾದಿದ್ದು ಪಾಸ್ ಹಿಡಿದು ಹಿಡಿದು ಹಾಕುತ್ತಿದ್ದಳು. ನೆಬ್ರಾಸ್ಕಾವೂ ಬಿಡಲಿಲ್ಲ, ಶೆಲ್ಲಿ 30ಕ್ಕೆ ಮುಟ್ಟಿದಳು, ಮಾರ್ಕೌಸ್ಕಿ ಅನ್ನೋ ಎತ್ತರದ ಹುಡುಗಿ ಒಳಗೆ ಹೊಡೆದಾಡುತ್ತಲೇ ಇದ್ದಳು. ಸಮಯ ಮುಗಿದಾಗ ಸಮ. ಓವರ್‌ಟೈಮ್. ನಾಲ್ಕು ದಿನದ ದಣಿವು ಆಗ ಕಾಣಿಸಿತು, ನೆಬ್ರಾಸ್ಕಾ ಹುಡುಗಿಯರು ಪ್ರತಿ ವಿಸಿಲ್‌ಗೂ ಮಂಡಿ ಮೇಲೆ ಕೈ ಇಟ್ಟು ಬಾಗುತ್ತಿದ್ದರು. ನನ್ನ ಮನಸ್ಸು ಸುಳ್ಳು ಹೇಳದೆ ಒಪ್ಪಿಕೊಳ್ಳುವುದಾದರೆ ಕೊನೆಯ ಐದು ನಿಮಿಷ ನಾನು ಅವರ ಪಾರ್ಟಿ. ಆದರೆ 94-89, ಅಯೋವಾ. ಸತತ ಮೂರನೇ ವರ್ಷ ಕಪ್. ಕ್ಲಾರ್ಕ್ 34, ಅದರಲ್ಲಿ 30 ವಿರಾಮದ ನಂತರ. ಟಿವಿಯಲ್ಲಿ ಮೂವತ್ತು ಲಕ್ಷ ಜನ ನೋಡಿದ್ದರಂತೆ. ನಮ್ಮ ಅಜ್ಜಿ ಎದ್ದು ಕಿರುಚಲಿಲ್ಲ, ಕೂತಲ್ಲೇ ಕಣ್ಣು ಒರೆಸಿಕೊಂಡರು. ಆಮೇಲೆ ಅಯೋವಾ ಕಡೆ ಚೆಂಡು ತಡೆದವರ ಹೆಸರು ಒಂದೊಂದೇ ಹೇಳಿದರು, ಬುಟ್ಟಿಗೆ ಹಾಕಿದವರದ್ದಲ್ಲ.

ಓವರ್‌ಟೈಮ್‌ನ ನಡುವೆ ಒಂದು ಹುಡುಗಿ ಗೆರೆ ದಾಟಿ ಹೋಗುತ್ತಿದ್ದ ಚೆಂಡಿಗೆ ಹಾರಿ ಬಿದ್ದು, ಮಂಡಿ ಉಜ್ಜಿಕೊಂಡು ಜಾರುತ್ತಾ ಹೋದಳು. ಎಲ್ಲರೂ ಚೆಂಡು ನೋಡುತ್ತಿದ್ದರು. ಅಮ್ಮ ಮಂಡಿ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು, ನನ್ನ ಬಲ ಮಂಡಿ ಇರುವ ಕಡೆ. ಏನೂ ಹೇಳಲಿಲ್ಲ.

ವಾಪಸ್ ಬರುವಾಗ ರೈಲು ತುಂಬ ಕಪ್ಪು ಹಳದಿ ಜನ, ಹಾಡು, ಕೂಗು. ಎರಡು ಸ್ಟೇಷನ್ ಆದ ಮೇಲೆ ಕೇಳಿದಳು.

"ನೀನು ಸ್ಕೂಟಿಯಿಂದ ಬಿದ್ದಿರಲಿಲ್ಲ ಅಲ್ವಾ?"

ಹದಿನಾಲ್ಕು ವರ್ಷ ಆಗಿತ್ತು. ಕಿವಿಯ ಹತ್ತಿ ಸರಿಮಾಡಿಕೊಂಡೆ. ಇಲ್ಲ ಅಂದೆ.

"ಮೈಸೂರಾ?"

"ಹೂಂ."

"ಎಷ್ಟು ಹೊಡೆದೆ?"

"ಆರು."

"ಗೆದ್ರಾ?"

"ಇಲ್ಲ. ಮೂರು ಪಾಯಿಂಟಲ್ಲಿ ಹೋಯ್ತು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ನಿಮ್ಮಪ್ಪ ಪಾಪ, ಆ ಗಾಡೀನ ಎರಡು ಸಲ ಮೆಕಾನಿಕ್ ಹತ್ರ ತಗೊಂಡು ಹೋಗಿದ್ರು ಕಣೇ. ಬ್ರೇಕ್ ಸರಿಯಾಗೇ ಇದೆ ಸಾರ್ ಅಂದ್ರೂ ಕೇಳದೆ ಹೊಸದು ಹಾಕಿಸಿದ್ರು."

ಜೇಬಿಗೆ ಕೈ ಹಾಕಿ ಉಳಿದಿದ್ದ ಕೊನೆಯ ಅಂಟಿನುಂಡೆ ತೆಗೆದಳು. ಈ ಸಲ ನನಗೆ ಕೊಡಲಿಲ್ಲ, ತಾನೇ ತಿಂದಳು.